ಅಕ್ಕಿ ನೋಡುವ ಹಲ್ಲು

ತರಗುಪೇಟೆಯ ಅಕ್ಕಿ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ನನ್ನ ಬುದ್ಧಿಯ ಮಟ್ಟ ಎಲ್ಲರಿಗೂ ಗೊತ್ತಾಗಿಹೋಯಿತು. ಒಳಗಿನ ಗೋದಾಮಿನಿಂದ ಯಾರೋ "ನೆಂಟ್ರು ಬಂದವ್ರೆ!" ಎಂದು ಕೂಗಿದರು. ಯಜಮಾನರಾದ ದೊಡ್ಡಬೈರಪ್ಪನವರ ಮುಖ ಕಪ್ಪಿಟ್ಟಿತು. ಪಾಪ, ನೆಂಟರನ್ನು ಕಂಡರೆ ಇವರಿಗೂ ಆಗದು ಎಂದುಕೊಂಡು ನಾನು ಎದುರಿನ ಹೋಟೆಲಿಗೆ ಓಡಿ ನಾಲ್ಕು ಕಾಫಿ ಹಿಡಿದುಕೊಂಡು ಬಂದೆ. ಗೋದಾಮಿನಲ್ಲಿ ನೆಂಟರು ಇದ್ದದ್ದು ನಿಜ. ಒಂದೇ ಮೂಟೆಯೊಳಗೆ ಸಾವಿರಾರು ಮಂದಿ ಇದ್ದರು, ಎಲ್ಲರೂ ಕಪ್ಪಗೆ, ಸಾಸಿವೆಗಿಂತ ಸ್ವಲ್ಪ ಉದ್ದಕ್ಕೆ.

ಮಂಡಿಯಲ್ಲಿ ಯಾರೂ 'ಹುಳ' ಎನ್ನುವ ಹಾಗಿಲ್ಲ. ಗಿರಾಕಿಯ ಕಿವಿಗೆ ಆ ಶಬ್ದ ಬಿದ್ದರೆ ಅವನು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮಂಡಿಗೆ ನಡೆಯುತ್ತಾನೆ. ಆದ್ದರಿಂದ ನುಸಿ ಹಿಡಿದ ಅಕ್ಕಿಗೆ 'ನೆಂಟರು ಬಂದಿದ್ದಾರೆ' ಎಂಬ ಮರ್ಯಾದೆಯ ಮಾತು. ಕಾಫಿ ತಣ್ಣಗಾಗುವ ಮುಂಚೆ ಇದನ್ನು ನನಗೆ ನಗದೆ ಬಿಡಿಸಿ ಹೇಳಿದವರು ಒಬ್ಬರೇ, ಮುನಿಗಂಗಪ್ಪನವರು.

"ಬೀಕಾಂ ಓದಿದೀಯಂತೆ. ಅದ್ರಲ್ಲಿ ಇದೆಲ್ಲಾ ಬರಲ್ಲ ಬಿಡಪ್ಪಾ" ಎಂದು ಒಂದು ಕಾಫಿಯನ್ನು ತಾವೇ ಕುಡಿದು ನನ್ನ ಮಾನ ಉಳಿಸಿದರು. ಅಂದಿನಿಂದ ಗೌರೀಶ ಎಂಬ ನನ್ನ ಹೆಸರು ಮನೆಯ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು. ಮಂಡಿಯಲ್ಲಿ ನಾನು ಬೀಕಾಂ.

ಇದು ತೊಂಬತ್ತೈದನೇ ಇಸವಿಯ ಮಾತು. ಮುನಿಗಂಗಪ್ಪನವರಿಗೆ ಆಗ ಐವತ್ತನಾಲ್ಕು ವರ್ಷ. ಅವರ ತಂದೆಯ ಕಾಲದವರೆಗೂ ಸೊಪ್ಪು ಬೆಳೆದು ಮಾರ್ಕೆಟ್ಟಿಗೆ ಹೊರುತ್ತಿದ್ದ ಮನೆತನ ಅದು. ತೋಟ ಸೈಟುಗಳಾದ ಮೇಲೆ ಇವರು ಮಂಡಿಯಲ್ಲಿ ಮೂಟೆ ಹೊರಲು ಸೇರಿದರು. ಬೆನ್ನಿನಿಂದ ಆರಂಭವಾದ ಉದ್ಯೋಗ ಕ್ರಮೇಣ ಬಾಯಿಗೆ ಬಂತು. ಅವರ ಕೆಲಸವೇ ಅಕ್ಕಿ ಕಚ್ಚುವುದು.

ಲಾರಿ ಬಂತೆಂದರೆ ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳನ್ನು ಅಂಗೈಗೆ ಸುರಿದುಕೊಳ್ಳುತ್ತಿದ್ದರು. ಮೂಸುತ್ತಿದ್ದರು. ಬೆರಳಿನಿಂದ ಹರಡುತ್ತಿದ್ದರು. ಕೊನೆಗೆ ಒಂದೇ ಒಂದು ಕಾಳನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ ಕಚ್ಚುತ್ತಿದ್ದರು. ಒಣಗಿದ ಅಕ್ಕಿ 'ಟಕ್' ಎಂದು ಎರಡಾಗುತ್ತದೆ. ಹಸಿ ಉಳಿದದ್ದು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಇವೆರಡರ ನಡುವೆ ಇನ್ನೂ ಹತ್ತಾರು ಬಗೆ ಇವೆಯಂತೆ. ಮೂರು ವರ್ಷ ಅವರ ಪಕ್ಕ ನಿಂತು ನಾನೂ ಕಚ್ಚಿದೆ. ನನಗೆ ತಿಳಿದದ್ದು ಹಸಿ ಅಕ್ಕಿ ರುಚಿಯಾಗಿರುವುದಿಲ್ಲ ಎಂಬುದಷ್ಟೇ.

"ಎರಡು ದಿನ ಬಿಸಿಲು ಬೇಕು." "ಇದು ಹೋದ ವರ್ಷದ್ದು, ಹೊಸದಕ್ಕೆ ಬೆರೆಸವ್ರೆ." ಹೀಗೆ ಅವರು ಒಂದು ಮಾತು ಹೇಳಿದರೆ ಅದರ ಮೇಲೆ ಅಪೀಲು ಇರಲಿಲ್ಲ. ನಮ್ಮ ಬೀದಿಯಲ್ಲಿ ಯಾವ ವಿಷಯ ಇತ್ಯರ್ಥವಾಯಿತೇ ಎಂದು ಕೇಳಬೇಕಾದರೂ "ಮುನಿಗಂಗಪ್ಪ ಕಚ್ಚಿದ್ರಾ?" ಎನ್ನುತ್ತಿದ್ದರು. ಬೇಳೆ ಮಂಡಿಯ ರಾಮಾನುಜ ಶೆಟ್ಟರು ಮಗಳ ಸಂಬಂಧದ ಮಾತಿಗೂ ಹೀಗೆಯೇ ಕೇಳಿ, ಹೆಂಡತಿಯಿಂದ ಬೈಸಿಕೊಂಡರು.

ನಾನು ಸೇರಿದ ಮೂರನೇ ವರ್ಷದ ಕಾರ್ತಿಕದಲ್ಲಿ ಆಗಬಾರದ್ದು ಆಯಿತು. ಮುನಿಗಂಗಪ್ಪನವರು ಕಚ್ಚಿ "ಆಗ್ಬೋದು" ಎಂದು ಇಳಿಸಿಕೊಂಡ ಒಂದು ಲೋಡು ಹತ್ತೇ ದಿನದಲ್ಲಿ ಬಿಸಿಯೇರಿ ಮುಗ್ಗಲು ನಾತ ಹೊಡೆಯಿತು. ದೊಡ್ಡಬೈರಪ್ಪನವರು ಚೀಲದೊಳಗೆ ಕೈ ಹಾಕಿ ತೆಗೆದು, ಎಲ್ಲರೆದುರು ಜಾಡಿಸಿದರು.

"ಏನ್ರೀ ಮುನಿಗಂಗಪ್ಪ, ಇದ್ರಲ್ಲಿ ಇಡ್ಲಿ ಬೇಯಿಸ್ಬೋದಲ್ರೀ! ಕಚ್ಚಿದ್ರೋ, ಇಲ್ಲಾ ಹಂಗೇ ನುಂಗಿದ್ರೋ?"

"ಕಚ್ಚಿದ್ದೆ ಯಜಮಾನ್ರೇ."

"ಕಚ್ಚಿದ್ರೆ ಹಿಂಗಾಗುತ್ತಾ? ನೋಡಿ, ಸಂಕ್ರಾಂತಿ ಹೊತ್ಗೆ ಹೊಸ ಅಕ್ಕಿ ಬರುತ್ತೆ. ಅಷ್ಟರಲ್ಲಿ ನಿಮ್ ಕಿವಿನೋ ಬಾಯಿನೋ, ಏನ್ ಕೆಟ್ಟಿದ್ಯೋ ಸರಿ ಮಾಡ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಗೋಣಿ ಹೊಲಿಯೋರ ಹತ್ರ ಕೂತ್ಕೊಂಡು ಮೇಲ್ವಿಚಾರಣೆ ನೋಡ್ಕೊಳ್ಳಿ. ಸಂಬಳ ಏನೂ ಕಮ್ಮಿ ಮಾಡಲ್ಲ."

ಸಂಬಳ ಕಮ್ಮಿ ಮಾಡುತ್ತೇನೆ ಎಂದಿದ್ದರೆ ಮುನಿಗಂಗಪ್ಪನವರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಗೋದಾಮಿನ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅಂಗೈಯಲ್ಲಿ ಕಚ್ಚಿದ ಕಾಳಿನ ಎರಡು ತುಂಡು. ನಾನು ಹೆಗಲ ಮೇಲಿಂದ ಇಣುಕಿದೆ. ಒಂದು ತುಂಡಿನ ತುದಿ ಕೆಂಪಗಿತ್ತು.

"ಏನಣ್ಣ, ಕೆಂಪಕ್ಕಿ ಬೆರೆಸಿದಾರಾ?" ಎಂದೆ. ಬೀಕಾಂ ಓದಿದವನ ಮಾತು.

"ಹೂಂ ಕಣಪ್ಪಾ. ಲಾರಿಯೋನಲ್ಲ, ನಾನೇ ಬೆರೆಸಿದ್ದು."

ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟರು. ಒಂದೂವರೆ ವರ್ಷದಿಂದ ಒಸಡಿನಲ್ಲಿ ರಕ್ತ. ಮೇಲಿನ ಎರಡು, ಕೆಳಗಿನ ಎರಡು ಹಲ್ಲು ನಾಲಗೆ ಸೋಕಿದರೂ ಅಲುಗುತ್ತಿವೆ. ಮುಂದಿನ ಹಲ್ಲಿನಲ್ಲಿ ಕಚ್ಚಲು ಭಯವಾಗಿ ಆ ಲೋಡನ್ನು ದವಡೆ ಹಲ್ಲಿನಲ್ಲಿ ಕಚ್ಚಿ ನೋಡಿದ್ದರು. ದವಡೆ ಹಲ್ಲಿಗೆ ಅಕ್ಕಿಯ ಭಾಷೆ ಬರುವುದಿಲ್ಲವಂತೆ. ಹಲ್ಲುಜ್ಜಲು ಭತ್ತದ ಹೊಟ್ಟಿನ ಬೂದಿ, ಉಪ್ಪು, ತೋರುಬೆರಳು. ರಕ್ತ ಕಾಣಿಸಿಕೊಂಡ ಮೇಲೆ ಅದೂ ಇಲ್ಲ.

"ಗಾಯ ಆದ್ ಕಡೆ ಬೆರಳು ಹಾಕ್ಬಾರ್ದು ಅಂತ ಮುಂದಗಡೆ ಮುಟ್ಟೋದೇ ಬಿಟ್ಟಿದೀನಿ. ಯಾರ್ಗೂ ಹೇಳ್ಬೇಡ. ಅಕ್ಕಿ ನೋಡೋನ ಬಾಯಿಗೇ ನೆಂಟ್ರು ಬಂದವ್ರೆ ಅಂದ್ರೆ ಬೀದಿಯೆಲ್ಲಾ ನಗುತ್ತೆ."

"ಬಾಯಲ್ಲಿ ಹುಳ ಅಂದ್ರೆ ಏನ್ ಮಹಾ ಅಣ್ಣ, ತೆಗೆಸಿಬಿಟ್ರೆ ಆಯ್ತು. ನನಗೊಬ್ಬ ಗೊತ್ತು" ಎಂದೆ. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನನಗೆ ಗೊತ್ತಿದ್ದವನು ಕೃಷ್ಣರಾಜ ಮಾರುಕಟ್ಟೆಯ ಪಕ್ಕದ ಫುಟ್‌ಪಾತಿನವನು. 'ಹಲ್ಲಿನ ಹುಳ ಹೊರಗೆ ತೆಗೆಯಲಾಗುವುದು' ಎಂಬ ಬೋರ್ಡು, ಒಂದು ಹಿತ್ತಾಳೆ ಬಟ್ಟಲು, ಕೆಂಡದ ಮೇಲೆ ಏನೋ ಬೀಜ. ನಮ್ಮ ಪಕ್ಕದ ಮನೆಯ ಭಾಗೀರಥಮ್ಮನವರ ಬಾಯಿಂದ ಅವನು ಐದು ಹುಳ ತೆಗೆದಿದ್ದ. ಅವರ ಹಲ್ಲುನೋವು ಹೋಗಿರಲಿಲ್ಲ, ಆದರೆ ಹುಳ ತೆಗೆದದ್ದಂತೂ ಅವರು ಕಣ್ಣಾರೆ ಕಂಡಿದ್ದರು.

ಭಾನುವಾರ ಬೆಳಿಗ್ಗೆ ಮುನಿಗಂಗಪ್ಪನವರನ್ನು ಕರೆದೊಯ್ದೆ. ಅವನು ಬೀಜದ ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಊದಿದ, ಏನೋ ಮಣಮಣ ಅಂದ, ಬೆರಳು ಹಾಕಿ ಒಸಡು ಉಜ್ಜಿದ, ನೀರು ಕೊಟ್ಟು ಬಟ್ಟಲಿಗೆ ಉಗುಳಿಸಿದ. ನೀರಿನಲ್ಲಿ ಮೂರು ಬಿಳಿ ಹುಳ ತೇಲುತ್ತಿದ್ದವು!

"ನೋಡಿ ಅಣ್ಣ, ಮೂರು!" ನಾನು ಮಗುವಿನಂತೆ ಕೂಗಿದೆ.

ಮುನಿಗಂಗಪ್ಪನವರು ಬಾಯಿ ಒರೆಸಿಕೊಂಡು ಒಂದು ಹುಳವನ್ನು ಉಗುರಿನ ಮೇಲೆ ಎತ್ತಿದರು. ಬಿಸಿಲಿಗೆ ಹಿಡಿದರು. ಮೂಸಿದರು.

"ಇದು ನಂದಲ್ಲ."

"ನಿಮ್ದೇ ಸ್ವಾಮಿ. ಈಗ್ ತಾನೇ ನಿಮ್ ಬಾಯಿಂದ ಬಂತಲ್ಲ, ನಿಮ್ ಹುಡುಗನೇ ನೋಡ್ದ."

"ಇದು ತೌಡಿನ ಹುಳ ಕಣಯ್ಯಾ. ತೌಡು ಒಂದ್ ತಿಂಗ್ಳು ಮುಗ್ಗಿದ್ರೆ ಬರೋದು. ಎಲ್ಲೋ ಡಬ್ಬೀಲಿ ಸಾಕಿದೀಯ, ಉಜ್ಜೋವಾಗ ಬೆರಳ ಸಂದಿಯಿಂದ ಬಿಟ್ಟಿದೀಯ. ಮೂವತ್ತೈದು ವರ್ಷದಿಂದ ನನ್ ಕೆಲಸಾನೇ ಇದು. ನನ್ಗೇ ಹುಳ ತೋರಿಸ್ತೀಯಲ್ಲೋ!"

ಸುತ್ತ ನಿಂತಿದ್ದವರು ಗೊಳ್ಳೆಂದರು. ಅವನು ಬೋರ್ಡು ಮಡಚತೊಡಗಿದ. ಮುನಿಗಂಗಪ್ಪನವರು ಏಳುತ್ತಾ ವೃತ್ತಿಯವರ ಧಾಟಿಯಲ್ಲೇ ಒಂದು ಸಲಹೆ ಕೊಟ್ಟರು: "ತೌಡು ಬದಲಾಯಿಸು. ಹುಳ ಬಡಕಲಾಗವೆ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಾಮರಾಜಪೇಟೆಯವರೆಗೂ ನಡೆದು, ಅವರ ವಠಾರದ ತಿರುವಿನಲ್ಲಿ ನಿಂತು ಕೇಳಿದರು: "ಹಂಗಾದ್ರೆ ನನ್ ಬಾಯಲ್ಲಿರೋದು ಏನು?"

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮರುದಿನ, ಚಾಮರಾಜಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಡಾಕ್ಟರ್ ಶಿವಕುಮಾರಿ ಎಂಬ ದಂತವೈದ್ಯೆ ಹೊಸದಾಗಿ ಕ್ಲಿನಿಕ್ ಇಟ್ಟಿದ್ದರು. ಅವರು ಪುಟ್ಟ ಕನ್ನಡಿ ಹಿಡಿದು ನೋಡಿ, ಗೆರೆಗಳಿದ್ದ ಒಂದು ಸಣ್ಣ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲಗೆ ಇಳಿಸಿ, "ಆರು... ಏಳು... ಆರು..." ಎಂದು ನರ್ಸಿಗೆ ಹೇಳಿ ಬರೆಸಿದರು.

ಮುನಿಗಂಗಪ್ಪನವರು ಬಾಯಿ ತೆರೆದುಕೊಂಡೇ ಕಣ್ಣರಳಿಸಿದರು. ಕಡ್ಡಿ ಹೊರಗೆ ಬಂದೊಡನೆ, "ನೀವೂ ಚುಚ್ಚಿ ಸ್ಯಾಂಪಲ್ ತೆಗೀತೀರೇನಮ್ಮಾ?" ಎಂದರು.

"ಆಳ ನೋಡ್ತಿದೀನಿ ಯಜಮಾನ್ರೇ, ಮೂರು ಮಿಲಿಮೀಟರ್ ದಾಟ್ಬಾರ್ದು. ಒಸಡಲ್ಲಿ ಪಾಕೆಟ್ ಆಗಿದೆ."

"ಹಲ್ಲಿಗೂ ಜೇಬಾ? ನನ್ ಅಂಗಿಗೇ ಇರೋದು ಒಂದು."

ಡಾಕ್ಟರಮ್ಮ ನಕ್ಕರು. ಆಮೇಲೆ ಸ್ಟೂಲ್ ಎಳೆದುಕೊಂಡು ಎದುರಿಗೆ ಕುಳಿತರು. "ಹುಳ ಇಲ್ಲ. ಆದ್ರೆ ಕಣ್ಣಿಗೆ ಕಾಣದೇ ಇರೋ ಜೀವಿಗಳು ಅವೆ, ಬ್ಯಾಕ್ಟೀರಿಯಾ ಅಂತ. ಲಕ್ಷಾಂತರ. ಹಲ್ಲಿನ ಮೇಲೆ ಅಂಟಂಟಾಗಿ ಪದರ ಕಟ್ತವೆ."

"ಎಲ್ಲಾರ ಬಾಯಲ್ಲೂ ಇರ್ತವಾ, ನನ್ಗೊಬ್ಬನಿಗೇನಾ?"

"ಎಲ್ಲಾರ ಬಾಯಲ್ಲೂ. ನನ್ ಬಾಯಲ್ಲೂ ಅವೆ. ದಿನಾ ಉಜ್ಜಿ ತೆಗೆದ್ರೂ ನಾಳೆ ಹೊತ್ತಿಗೆ ಮತ್ತೆ ಕಟ್ಕೊಳ್ತವೆ, ಮತ್ತೆ ತೆಗೀಬೇಕು. ತೆಗೀಲಿಲ್ಲ ಅಂದ್ರೆ ಎಂಜಲಲ್ಲಿರೋ ಸುಣ್ಣದಂಥ ಪದಾರ್ಥ ಸೇರಿ ಆ ಪದರ ಕಲ್ಲಾಗುತ್ತೆ. ಕಲ್ಲಿನ ಮೇಲೆ ಇನ್ನೊಂದು ಪದರ. ಹಂಗೇ ಒಸಡಿನ ಕೆಳಕ್ಕೆ ಇಳೀತವೆ. ಅಲ್ಲಿ ಗಾಳಿ ಆಡಲ್ಲ, ಬ್ರಶ್ ಹೋಗಲ್ಲ. ಗಾಳಿ ಬೇಡದೇ ಇರೋ ಕೆಟ್ಟ ಜಾತಿಯವು ಅಲ್ಲೇ ಚೆನ್ನಾಗಿ ಬೆಳೀತವೆ."

ಮುನಿಗಂಗಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. "ಗೋದಾಮಿನ ಮೂಲೆ!"

"ಏನಂದ್ರಿ?"

"ಎದುರುಗಡೆ ಗುಡಿಸ್ತಾರಮ್ಮ, ಮೂಲೇಲಿ ಮೂಟೆ ಸರಿಸಿ ಗುಡಿಸಲ್ಲ. ಉದುರಿದ ಕಾಳು, ಧೂಳು, ಎಲ್ಲಾ ಅಲ್ಲೇ ಕೂತಿರುತ್ತೆ. ನೆಂಟ್ರು ಬರೋದು ಹೊರಗಿಂದಲ್ಲ, ಅಲ್ಲಿಂದಾನೇ. ಎಷ್ಟು ಒಳ್ಳೇ ಅಕ್ಕಿ ತಂದಿಟ್ರೂ ಹತ್ಕೊಳ್ತದೆ."

"ಅಷ್ಟೇ ಯಜಮಾನ್ರೇ. ನಮ್ ಕಾಲೇಜಲ್ಲಿ ಇದನ್ನ ಹೇಳಕ್ಕೆ ಒಂದು ವರ್ಷ ತಗೊಂಡ್ರು."

"ಮತ್ತೆ ರಕ್ತ?"

"ಅವುಗಳ ಜೊತೆ ನಿಮ್ ಮೈ ಜಗಳ ಆಡ್ತಿದೆ. ಅದಕ್ಕೆ ಒಸಡು ಊದ್ಕೊಂಡು ರಕ್ತ ಬರೋದು. ರಕ್ತ ಬಂದ್ರೆ 'ಇಲ್ಲಿ ಗುಡಿಸಿಲ್ಲ, ಗುಡಿಸು' ಅಂತ ಅರ್ಥ. ನೀವು ಅಲ್ಲೇ ಗುಡಿಸೋದು ನಿಲ್ಲಿಸಿದ್ರಿ. ಜಗಳ ವರ್ಷಗಟ್ಟಲೆ ನಡೆದ್ರೆ ಹಲ್ಲು ಹಿಡ್ಕೊಂಡಿರೋ ಮೂಳೇನೂ ಸವೆಯುತ್ತೆ. ಸವೆದಿದೆ, ಎಕ್ಸ್‌ರೇಲಿ ತೋರಿಸ್ತೀನಿ."

ಮುನಿಗಂಗಪ್ಪನವರು ಎಕ್ಸ್‌ರೇ ನೋಡಲಿಲ್ಲ. ಡಾಕ್ಟರಮ್ಮನ ಮುಖವನ್ನೇ ನೋಡಿ ಕೇಳಿದರು: "ಈ ನಾಲ್ಕು ಇರ್ತವಾ, ಹೋಗ್ತವಾ?"

"ಒಸಡಿನ ಒಳಗಿನ ಕಲ್ಲು ಪೂರ್ತಿ ತೆಗೀತೀನಿ. ಆಮೇಲೆ ಎಷ್ಟು ಗಟ್ಟಿಯಾಗ್ತವೆ ಅಂತ ಆರು ವಾರ ಆದ್ಮೇಲೆ ಹೇಳ್ತೀನಿ. ಕೆಳಗಿನ ಒಂದು ಹಲ್ಲಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇವತ್ತಿಂದ ಬಂದ್."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಎಣಿಸಿದೆ. ಆರು ವಾರಕ್ಕೆ ಸಂಕ್ರಾಂತಿಯ ಹಿಂದುಮುಂದು.

ಹೊರಡುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀವೂ ಕೂತ್ಕೊಳ್ಳಿ, ಒಂದ್ಸಲ ನೋಡ್ಬಿಡ್ತೀನಿ" ಎಂದರು. ನಾನು ದಿನಾ ಬ್ರಶ್ಶು, ಪೇಸ್ಟು ಬಳಸುವ ಸುಶಿಕ್ಷಿತ. ಹೆಮ್ಮೆಯಿಂದಲೇ ಬಾಯಿ ತೆರೆದೆ. ಕಡ್ಡಿ ಸೋಕಿದ ಐದು ಕಡೆ ರಕ್ತ ಬಂತು. "ಬ್ರಶ್ ಯಾವಾಗ ತಗೊಂಡಿದ್ದು?" ಎಂದು ಕೇಳಿದರು. ಬೀಕಾಂ ಎರಡನೇ ವರ್ಷದಲ್ಲಿ ಎಂದು ಹೇಳಲು ನಾಚಿಕೆಯಾಗಿ ಕೆಮ್ಮಿದೆ.

"ಇವನ ಗೋದಾಮಲ್ಲೂ ಅವ್ರಾ?" ಮುನಿಗಂಗಪ್ಪನವರು ಅಂದು ಮೊದಲ ಬಾರಿಗೆ ನಕ್ಕರು.

ಅವರಿಗೆ ಮರಗಟ್ಟಿಸುವ ಸೂಜಿ ಕೊಟ್ಟು, ಮೂರು ಸಲ ಕೂರಿಸಿ ಕಲ್ಲು ತೆಗೆದರು. ಕೊನೆಯ ಸಲದ ಮಾರನೆಯ ದಿನ ಅವರ ಹೆಂಡತಿ ದ್ರೌಪದಮ್ಮನವರು ಬೆಳಿಗ್ಗೆಯೇ ಮಂಡಿಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಹೊರಗೆ ಕರೆದರು.

"ಅಲ್ಲಪ್ಪಾ ಗೌರೀಶ, ನಮ್ಮೆಜಮಾನ್ರ ಬಾಯಿ ನೋಡಿದ್ಯಾ? ಹಲ್ಲಿನ ಮಧ್ಯೆ ಬೆರಳು ತೂರ್ಬೋದು. ಮಾತಾಡಿದ್ರೆ ಗಾಳಿ ಹೋಗುತ್ತೆ. ತಣ್ಣೀರು ಕುಡಿದ್ರೆ ಕುಣೀತಾರೆ. ಅಲುಗೋ ಹಲ್ಲಿಗೆ ಆ ಕಲ್ಲೇ ಗಾರೆಯಾಗಿ ಹಿಡ್ಕೊಂಡಿತ್ತು. ಅದನ್ನೂ ಕೆರೆಸ್ಕೊಂಡು ಬಂದ್ರಲ್ಲ ಇಬ್ರೂ!"

"ಅಮ್ಮಾ, ಡಾಕ್ಟ್ರು..."

"ಮುದ್ದೆ ನುಂಗಕ್ಕೆ ಹಲ್ಲು ಬೇಡ, ಬಿಡು. ಆ ಮುದ್ದೆ ಹುಟ್ಟೋ ಕೆಲಸಕ್ಕೆ ಬೇಕಲ್ಲಪ್ಪಾ? ಗೋಣಿ ಹೊಲಿಯೋರ ಹತ್ರ ಕೂರ್ಸಿದ್ರೆ ಈ ಮನುಷ್ಯ ಊಟ ಬಿಡ್ತಾರೆ, ನನ್ಗೆ ಗೊತ್ತು."

ಫುಟ್‌ಪಾತಿನವನ ಹತ್ತಿರ ಕರೆದೊಯ್ದಾಗ ಹಾಳಾದದ್ದು ಒಂದು ಭಾನುವಾರ. ಈ ಸಲ ನಾಲ್ಕು ಹಲ್ಲನ್ನೇ ಹಾಳುಮಾಡಿದೆನೇ? ಮಧ್ಯಾಹ್ನ ಊಟ ಬಿಟ್ಟು ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರಮ್ಮ ಶಾಂತವಾಗಿ ಹೇಳಿದರು: "ಊದಿದ್ದ ಒಸಡು ಇಳೀತಿದೆ, ಕಲ್ಲು ತುಂಬಿದ್ದ ಜಾಗ ಖಾಲಿಯಾಗಿದೆ, ಅದಕ್ಕೇ ಸಂದಿ ಕಾಣೋದು. ಜುಮ್ಮನ್ನೋದು ದಿನ ಹೋದ ಹಾಗೆ ಕಮ್ಮಿಯಾಗುತ್ತೆ. ಎಲ್ಲಾರ ಮನೆಯವ್ರೂ ಇದನ್ನೇ ಬಂದು ಕೇಳ್ತಾರೆ. ಗಾರೆ ಅಂದ್ರಾ ಅಮ್ಮ? ಅದು ಗಾರೆ ಅಲ್ಲ, ಗೋಡೆಯೊಳಗಿನ ಗೆದ್ದಲು ಅಂತ ಹೇಳಿ."

ನಾನು ಹೋಗಿ ಹೇಳಿದೆ. ದ್ರೌಪದಮ್ಮನವರು ನಂಬಿದಂತೆ ಕಾಣಲಿಲ್ಲ, ಆದರೆ ಗಂಡನಿಗೆ ಕುಡಿಯಲು ಉಗುರುಬೆಚ್ಚಗಿನ ನೀರು ಕೊಡಲು ಶುರುಮಾಡಿದರು.

ಅಲ್ಲಿಂದ ಮುನಿಗಂಗಪ್ಪನವರ ಬೆಳಗಿನ ತಪಸ್ಸು ಆರಂಭವಾಯಿತು. ಮೆತ್ತನೆಯ ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಇಟ್ಟು, ಉಜ್ಜದೆ ಮೆಲ್ಲಗೆ ನಡುಗಿಸಬೇಕು. ಎರಡು ಹಲ್ಲಿನ ಸಂದಿಗೆ ಬೇರೆ ಪುಟ್ಟ ಬ್ರಶ್ಶು. ವಠಾರದ ನಲ್ಲಿಯ ಮುಂದೆ ಅವರು ಇಪ್ಪತ್ತು ನಿಮಿಷ ನಿಂತರೆ ಹಿಂದೆ ಬಿಂದಿಗೆಗಳ ಸಾಲು ಬೆಳೆಯುತ್ತಿತ್ತು. "ಏನ್ ಗಂಗಪ್ನೋರೇ, ಹಲ್ಲಿಗೆ ಪಾಲಿಶ್ ಮಾಡಿ ಮಾರ್ತೀರಾ?" ಎಂದು ಎದುರು ಮನೆಯ ಕಮಲಮ್ಮ ಕೆಣಕಿದರೆ, ಬಾಯಿ ತುಂಬಾ ನೊರೆ ಇಟ್ಟುಕೊಂಡು ಕೈಯಲ್ಲೇ 'ಇರ್ರೀ' ಎನ್ನುತ್ತಿದ್ದರು. ರಕ್ತ ಕಂಡರೂ ಈಗ ಬಿಡುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಮಂಡಿಗೆ ಬಂದು ನನ್ನ ಮೇಜಿನ ಬಳಿ ಬಗ್ಗಿ ಗುಟ್ಟಾಗಿ ವರದಿ ಒಪ್ಪಿಸುತ್ತಿದ್ದರು. ಮೊದಲ ವಾರ, "ಕೆಂಪಕ್ಕಿ." ಎರಡನೇ ವಾರ, "ಸ್ವಲ್ಪ ಪಾಲಿಶ್ ಆಗೈತೆ." ನಾಲ್ಕನೇ ವಾರದ ಒಂದು ಗುರುವಾರ ಮೂರು ಬೆರಳು ಮಡಚಿ ತೋರಿಸಿ, "ಮೂರು ದಿನದಿಂದ ಸೋನಾ ಮಸೂರಿ!" ಎಂದರು. ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಸ್ಟಾಕ್ ಎಷ್ಟಿದೆ ಎಂದು ಕೇಳಿದ.

ಆರನೇ ವಾರ ನಾವು ಮೂವರೂ ಮಹಡಿ ಹತ್ತಿದೆವು. ದ್ರೌಪದಮ್ಮನವರು ನನ್ನನ್ನು ನಂಬದೆ ತಾವೇ ಬಂದಿದ್ದರು. ಡಾಕ್ಟರಮ್ಮ ಕಡ್ಡಿ ಇಳಿಸಿದರು. "ಮೂರು... ನಾಲ್ಕು... ಮೂರು... ಮೂರು..." ಕೆಳಗಿನ ಆ ಹಲ್ಲಿನ ಬಳಿ ನಿಧಾನಿಸಿ, "ಐದು" ಎಂದರು. ಆಮೇಲೆ ಎರಡು ಉಪಕರಣಗಳ ಹಿಡಿಯ ತುದಿಯಿಂದ ಒಂದೊಂದೇ ಹಲ್ಲನ್ನು ಒತ್ತಿ ನೋಡಿದರು.

"ಇರ್ತವೆ ಯಜಮಾನ್ರೇ."

"ನಾಲ್ಕೂನಾ?"

"ನಾಲ್ಕೂ. ಸವೆದ ಮೂಳೆ ವಾಪಸ್ ಬರಲ್ಲ, ಕೆಳಗಿಂದು ಒಂದು ಸ್ವಲ್ಪ ಅಲುಗ್ತಾನೇ ಇರುತ್ತೆ. ಆದ್ರೆ ಜಗಳ ನಿಂತಿದೆ. ದಿನಾ ಮೂಲೆ ಗುಡಿಸಿ, ಮೂರು ತಿಂಗಳಿಗೊಂದ್ಸಲ ಬಂದು ತೋರಿಸಿ."

ದ್ರೌಪದಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗದವರಂತೆ, "ಹೊಗೆಸೊಪ್ಪು ಹಾಕ್ಕೋಬೋದಾ ಅಂತ ಕೇಳ್ತಾರೆ, ಆಗಲ್ಲ ಅನ್ನಿ" ಎಂದರು. ಗಂಡ ಕೇಳಿದ್ದು ಬೇರೆ: "ಅಕ್ಕಿ ಕಚ್ಬೋದೇನಮ್ಮಾ?"

"ದಿನಕ್ಕೆ ಎಷ್ಟು ಕಾಳು?"

"ಲಾರಿಗೆ ಒಂದು ಹತ್ತು."

"ಕಚ್ಚಿ. ಆ ಅಲುಗೋ ಹಲ್ಲು ಬಿಟ್ಟು ಪಕ್ಕದ್ರಲ್ಲಿ."

ಸಂಕ್ರಾಂತಿ ಕಳೆದ ಮೂರನೇ ದಿನ ಹೊಸ ಅಕ್ಕಿಯ ಮೊದಲ ಲಾರಿ ಬಂತು. ದೊಡ್ಡಬೈರಪ್ಪನವರು ಗದ್ದುಗೆಯಿಂದ ಎದ್ದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಹಮಾಲರು ಮೂಟೆಗೆ ಕೈ ಹಾಕದೆ ನಿಂತರು. ಮುನಿಗಂಗಪ್ಪನವರು ಮುಂದಿನ ಸಾಲಿನಿಂದ ಒಂದು, ಹಿಂದಿನ ಸಾಲಿನಿಂದ ಒಂದು ಹಿಡಿ ತೆಗೆದರು. ಮೂಸಿದರು, ಹರಡಿದರು. ಒಂದೊಂದೇ ಕಾಳನ್ನು ಹಲ್ಲಿನ ನಡುವೆ ಇಟ್ಟು ಕಣ್ಣು ಮುಚ್ಚಿದರು. ನಾನು ಕಿವಿಯಾನಿಸಿದೆ, ಎಂದಿನಂತೆ ನನಗೆ ಏನೂ ಕೇಳಿಸಲಿಲ್ಲ.

"ಮುಂದಿನ ಸಾಲು ಇಳಿಸ್ಕೊಳ್ಳಿ ಯಜಮಾನ್ರೇ. ಹಿಂದಿನ ಎರಡು ಸಾಲು ಬೇಡ, ಮಂಜು ಕುಡಿದೈತೆ." ಡ್ರೈವರಿನ ಕಡೆ ತಿರುಗಿದರು. "ಹಿಂದ್ಗಡೆ ಟಾರ್ಪಾಲು ಹರಿದಿತ್ತೇನಪ್ಪಾ?"

ಡ್ರೈವರ್ ತಲೆ ಕೆರೆದುಕೊಂಡ. "ತುಮಕೂರು ದಾಟಿದ್ ಮೇಲೆ ನೋಡ್ದೆ ಸಾರ್."

ದೊಡ್ಡಬೈರಪ್ಪನವರು ತಾವೇ ಹಿಂದಿನ ಸಾಲಿನ ಚೀಲವೊಂದಕ್ಕೆ ಕೈ ತೂರಿಸಿ ತೆಗೆದು, ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. "ಏನ್ ನೋಡ್ತಾ ನಿಂತ್ರೋ, ಕಚ್ಚಿದ್ದಾಯ್ತಲ್ಲ, ಇಳ್ಸಿ ಮುಂದಿನ್ದನ್ನ!" ಎಂದು ಹಮಾಲರ ಮೇಲೆ ರೇಗಿ ಗದ್ದುಗೆಗೆ ಹೋಗಿ ಕುಳಿತರು. ಗೋಣಿ ಹೊಲಿಯುವ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಮೂಟೆಗಳು ಇಳಿಯತೊಡಗಿದವು. ಮುನಿಗಂಗಪ್ಪನವರು ಪಕ್ಕಕ್ಕೆ ಸರಿದು ನಿಂತು, ಅಂಗೈಯಲ್ಲಿ ಉಳಿದಿದ್ದ ಕಾಳುಗಳಿಂದ ಇನ್ನೊಂದನ್ನು ಆರಿಸಿ ಬಾಯಿಗಿಟ್ಟು ಕಚ್ಚಿದರು.

"ಇದ್ಯಾಕಣ್ಣ? ನೋಡಿದ್ದಾಯ್ತಲ್ಲ?" ಎಂದೆ.

"ಸುಮ್ನೆ ಕಣಪ್ಪಾ" ಎಂದು ಮತ್ತೊಂದನ್ನು ಬಾಯಿಗಿಟ್ಟರು.